ಹೆಸರು ಬದಲಿಸಿದ ತಂತ್ರಾಂಶದ ಹಿಂದೆ ನಮ್ಮ ಸೇವಾ ಸಂಸ್ಥೆಗಳು ಹೋಗಬೇಕೆ?

ವ್ಯವಹಾರ ನಿರ್ವಹಣೆಯ ತಂತ್ರಾಂಶ ಮಾರುವ ಕಂಪನಿಗಳು ತಮ್ಮ ಹೆಸರನ್ನೇ ಬದಲಿಸಿಕೊಂಡು, ಸೇವಾ ಸಂಸ್ಥೆಗಳಿಗಾಗಿಯೇ, ಅಂದರೆ ಸರಕಿನ ಬದಲು ಸೇವೆಯನ್ನು ಕೊಡುವವರಿಗಾಗಿಯೇ ಎಂದು, ತಿಂಗಳ ಬಾಡಿಗೆಗೆ ಅಂತರ್ಜಾಲದಲ್ಲಿ ಸಿಗುವ ಹೊಸ ವೇದಿಕೆಗಳನ್ನು ತರುತ್ತಿವೆ. ನಮ್ಮ ಭಾಗದ ಕನ್ಸಲ್ಟೆನ್ಸಿಗಳು, ಶಿಕ್ಷಣ ಟ್ರಸ್ಟ್‌ಗಳು, ಲೆಕ್ಕಪರಿಶೋಧಕರ ಕಚೇರಿಗಳು ಹಳೆಯದನ್ನು ಬಿಟ್ಟು ಅತ್ತ ಹೋಗಬೇಕೆ? ಕಲಬುರಗಿಯ ಎಂಜಿನಿಯರಿಂಗ್ ಕನ್ಸಲ್ಟೆನ್ಸಿಯೊಂದರ ಲೆಕ್ಕ ವಿಭಾಗದ ಮುಖ್ಯಸ್ಥೆ ಹೋಗಬೇಕೆನ್ನುತ್ತಾರೆ. ಬೇಡವೆನ್ನುವ ಪಕ್ಷವನ್ನು ಬೀದರಿನ ಲೆಕ್ಕಪರಿಶೋಧಕರೊಬ್ಬರು ವಹಿಸಿದ್ದಾರೆ.

ಪರ: ದಿನ ಮಾರುವವರಿಗೆ ಚೀಲದ ಲೆಕ್ಕ ಸಾಲದು

ನಮ್ಮ ಕಚೇರಿಗೆ ಗೋದಾಮಿಲ್ಲ, ತಕ್ಕಡಿಯಿಲ್ಲ, ಮಾರಲು ಸರಕೂ ಇಲ್ಲ. ರಸ್ತೆಯ ಸರ್ವೇ, ಕುಡಿಯುವ ನೀರಿನ ಕೊಳವೆಮಾರ್ಗದ ವಿನ್ಯಾಸ, ಕಟ್ಟಡಗಳ ಅಂದಾಜುಪಟ್ಟಿ ಮುಂತಾದ ಕೆಲಸಗಳಿಗೆ ಹನ್ನೊಂದು ಮಂದಿ ಎಂಜಿನಿಯರುಗಳು ಕೊಡುವ ದಿನಗಳೇ ನಾವು ಮಾರುವ ವಸ್ತು. ತೊಗರಿಗೆ ಇವತ್ತು ಧಾರಣೆ ಬರಲಿಲ್ಲವೆಂದರೆ ಗಂಜಿನ ವ್ಯಾಪಾರಿ ಮುಂದಿನ ವಾರದವರೆಗೆ ಚೀಲ ಕಟ್ಟಿಡಬಹುದು. ಎಂಜಿನಿಯರನೊಬ್ಬ ಕೆಲಸವಿಲ್ಲದೆ ಕಳೆದ ಮಂಗಳವಾರವನ್ನು ಯಾವ ಗೋದಾಮಿನಲ್ಲೂ ಇಡಲು ಬರುವುದಿಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದೇ ಮಾತಿನ ವಿಸ್ತಾರ.

ಕಲಬುರಗಿ ತೊಗರಿಯ ಊರು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯೂ ಸಿಕ್ಕಿತು. ನಾವು ಏಳು ವರ್ಷ ಬಳಸಿದ ತಂತ್ರಾಂಶವನ್ನು ಊರಿನವರೊಬ್ಬರು ದಾಲ್‌ಮಿಲ್‌ಗಳಿಗೆಂದು ಬರೆದಿದ್ದರು. ಅವರಿಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು: ಎಷ್ಟು ಕ್ವಿಂಟಲ್ ತೊಗರಿ ಬಂತು, ಎಷ್ಟು ಬೇಳೆಯಾಯಿತು, ಹೊಟ್ಟು ಎಷ್ಟು, ಅಡತಿಯವರಿಗೆ ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ ಕ್ಷಣದಲ್ಲಿ ಸಿಗುತ್ತಿತ್ತು. ನಮಗೆ ಬೇಕಾದದ್ದು ಮಾತ್ರ ಸಿಗುತ್ತಿರಲಿಲ್ಲ. ಸರ್ವೇಯನ್ನೂ ಒಂದು ಸರಕೆಂದು ನಮೂದಿಸಿ, ಅಳತೆಯ ಜಾಗದಲ್ಲಿ ‘ನಗ’ ಎಂದು ಆರಿಸಿ ಬಿಲ್ ಮಾಡುತ್ತಿದ್ದೆವು. ಒಬ್ಬ ಮನುಷ್ಯನ ಒಂದು ದಿನವನ್ನು ಇಂಥ ಕೆಲಸಕ್ಕೆ ಸೇರಿದ್ದೆಂದು ಕಟ್ಟಿಡಲು ಅದರಲ್ಲಿ ಒಂದು ಕೋಣೆಯೂ ಇರಲಿಲ್ಲ.

ಆ ಕೊರತೆಯ ಬೆಲೆ ಎಷ್ಟೆಂದು ನಮಗೆ ತಿಳಿದದ್ದು ಶಹಾಪುರ, ಸುರಪುರ ತಾಲ್ಲೂಕುಗಳ ನೀರಿನ ಕೆಲಸದಲ್ಲಿ. ಹಳ್ಳಿಗೆ ಇಂತಿಷ್ಟು ಎಂದು ಶುಲ್ಕ ನಿಗದಿಯಾಗಿತ್ತು. ಕೆಲಸ ಕೊಟ್ಟವರು ಹಳ್ಳಿಗಳ ಪಟ್ಟಿಯನ್ನು ಬದಲಿಸಿದರೆ ಹೆಚ್ಚುವರಿ ಸರ್ವೇಗೆ ಮಾನವ ದಿನದ ಲೆಕ್ಕದಲ್ಲಿ, ದಾಖಲೆಯೊಂದಿಗೆ, ಹಣ ಕೇಳಬಹುದೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪಟ್ಟಿ ಎರಡು ಸಲ ಬದಲಾಯಿತು. ನಮ್ಮ ಮೂವರು ಎಂಜಿನಿಯರುಗಳು ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ, ಬೆಳಗಿನ ಐದು ಗಂಟೆಗೇ ಉಪಕರಣ ಹೊತ್ತು ಹೊರಟು, ಐದು ವಾರ ಮತ್ತೆ ಅದೇ ಹೊಲಗಳಲ್ಲಿ ಮಟ್ಟ ಹಿಡಿದರು. ವಾರಕ್ಕೆ ಆರು ದಿನದಂತೆ ತೊಂಬತ್ತು ಮಾನವ ದಿನ. ಬಿಲ್ ಕಳಿಸಿದಾಗ ಎದುರಿನವರು ಕೇಳಿದ್ದು ಮೂರೇ ಪ್ರಶ್ನೆ: ಯಾರು, ಯಾವ ತಾರೀಖು, ಯಾವ ಹಳ್ಳಿ?

ನಮ್ಮ ಬಳಿ ಉತ್ತರವಿರಲಿಲ್ಲ. ಮೂವರ ಸಂಬಳ ಆ ಎರಡು ತಿಂಗಳೂ ಖರ್ಚು ಬಿದ್ದದ್ದು ಪುಸ್ತಕದಲ್ಲಿತ್ತು, ಅವರು ಎಲ್ಲಿದ್ದರೆಂಬುದು ಇರಲಿಲ್ಲ. ನಾನು ಮೂರು ರಾತ್ರಿ ಕುಳಿತು ಬಸ್ ಟಿಕೆಟ್ಟು, ಲಾಡ್ಜಿನ ರಸೀದಿ, ಪೆಟ್ರೋಲ್ ಚೀಟಿ, ಅವರ ಮೊಬೈಲಿನ ಫೋಟೊಗಳ ತಾರೀಖು ಎಲ್ಲವನ್ನೂ ಜೋಡಿಸಿ ಪಟ್ಟಿ ಮಾಡಿದೆ. ಮೂವತ್ತನಾಲ್ಕು ದಿನ ಒಪ್ಪಿತವಾದವು. ಉಳಿದ ಐವತ್ತಾರರಲ್ಲಿ ಹೆಚ್ಚಿನವು ಕಿರಿಯ ಎಂಜಿನಿಯರನವು. ಅವನು ಸುರಪುರದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡು, ಅವರ ಗಾಡಿಯಲ್ಲೇ ಹಳ್ಳಿಗಳಿಗೆ ಹೋಗಿ ಕಂಪನಿಯ ಖರ್ಚು ಉಳಿಸಿದ್ದ. ಖರ್ಚು ಉಳಿಸಿದ್ದರಿಂದಲೇ ಅವನ ಹೆಸರಿನಲ್ಲಿ ಒಂದು ರಸೀದಿಯೂ ಇರಲಿಲ್ಲ. ಆ ಹುಡುಗನ ದುಡಿಮೆಯನ್ನು ನಾನು ಸಾಬೀತು ಮಾಡಲಾಗಲಿಲ್ಲವೆಂಬ ನೋವು ಇವತ್ತಿಗೂ ಇದೆ. ಆ ವರ್ಷ ಯಾರಿಗೂ ಸಂಬಳ ಏರಲಿಲ್ಲ; ದೀಪಾವಳಿ ಕಳೆದ ಮೇಲೆ ಅವನು ಪುಣೆಗೆ ಹೋದ.

ಈಗ ನಮ್ಮಲ್ಲಿರುವುದು ಸೇವಾ ಸಂಸ್ಥೆಗಳಿಗೆಂದೇ ಮಾಡಿದ ವೇದಿಕೆ. ಎಂಜಿನಿಯರ್ ಸಂಜೆ ಮೊಬೈಲಿನಲ್ಲಿ ಕೆಲಸದ ಹೆಸರನ್ನೂ ಹಳ್ಳಿಯನ್ನೂ ಆರಿಸಿ ಗಂಟೆ ತುಂಬುತ್ತಾನೆ, ಹಿರಿಯರು ಮಾರನೆಯ ದಿನ ಅನುಮೋದಿಸುತ್ತಾರೆ, ಅನುಮೋದಿತ ಗಂಟೆಗಳಿಂದಲೇ ಬಿಲ್ಲಿನ ಕರಡು ಸಿದ್ಧವಾಗುತ್ತದೆ. ಸೇವೆಗಳಿಗೆ ಜಿಎಸ್‌ಟಿಯಲ್ಲಿರುವ, 99ರಿಂದ ಆರಂಭವಾಗುವ ಎಸ್‌ಎಸಿ ಸಂಖ್ಯೆ ತಾನಾಗಿ ಬಂದು ಕೂರುತ್ತದೆ. ಮುಂದಿನ ವಾರ ಯಾರಿಗೆ ಕೆಲಸವಿಲ್ಲ ಎಂಬುದು ಈ ವಾರವೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿ ಮುಗಿಸಿದ್ದರೂ ಇನ್ನೂ ಬಿಲ್ ಆಗದ ಕೆಲಸ ಎಷ್ಟಿದೆಯೆಂಬ ಒಂದು ಸಾಲು ತಿಂಗಳ ಕೊನೆಗೆ ನನ್ನ ಮುಂದೆ ನಿಲ್ಲುತ್ತದೆ. ಶಹಾಪುರದ ವರ್ಷದಲ್ಲಿ ಆ ಸಾಲು ಇದ್ದಿದ್ದರೆ!

ಇನ್ನು ಹೆಸರಿನ ಮಾತು. ಹೆಸರು ಬದಲಿಸಿದ ಕಂಪನಿಯನ್ನು ನಂಬಬಾರದು ಎನ್ನುವವರು ಏಕೆ ಬದಲಾಯಿತೆಂದು ನೋಡುವುದಿಲ್ಲ. 2009ರಲ್ಲಿ ಹುಟ್ಟಿದ ಫೈನಾನ್ಶಿಯಲ್‌ಫೋರ್ಸ್ ಮೊದಲಿಗೆ ಸೇಲ್ಸ್‌ಫೋರ್ಸ್ ಎಂಬ ಇನ್ನೊಂದು ಕಂಪನಿಯ ವೇದಿಕೆಯ ಮೇಲೆ ಕಟ್ಟಿದ ಲೆಕ್ಕಪತ್ರದ ತಂತ್ರಾಂಶ. ಯೋಜನೆಗಳ ನಿರ್ವಹಣೆ, ಯಾರನ್ನು ಯಾವ ಕೆಲಸಕ್ಕೆ ಹಾಕಬೇಕೆಂಬ ಹಂಚಿಕೆ, ಸೇವೆಯ ಬಿಲ್ಲಿಂಗ್ ಎಲ್ಲ ಅದರೊಳಗೆ ಬಂದ ಮೇಲೆ ‘ಫೈನಾನ್ಸ್’ ಎಂಬ ಹೆಸರು ಗಿಡ್ಡವಾಯಿತು. 2023ರಲ್ಲಿ ಅದು ಸರ್ಟಿನಿಯಾ ಆಯಿತು. ನಮ್ಮ ದೇಶದ್ದೇ ಆದ ಅಡ್ವೆಂಟ್‌ನೆಟ್ 1996ರಲ್ಲಿ ನೆಟ್‌ವರ್ಕ್ ನಿರ್ವಹಣೆಯ ತಂತ್ರಾಂಶದಿಂದ ಆರಂಭಿಸಿ, ವ್ಯವಹಾರದ ತಂತ್ರಾಂಶಗಳೇ ಮುಖ್ಯವಾದಾಗ 2009ರಲ್ಲಿ ಜೋಹೊ ಎಂಬ ಹೆಸರು ತೆಗೆದುಕೊಂಡಿತು. ಎರಡರಲ್ಲೂ ಕೆಲಸ ಮೊದಲು ಬದಲಾಯಿತು, ಹೆಸರು ಅದನ್ನು ಹಿಂಬಾಲಿಸಿತು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದಾಗ ನಾವು ಮೋಸವೆಂದು ಕೂಗಲಿಲ್ಲ; ನಮ್ಮ ಬಾಯಲ್ಲಿ ಮೊದಲಿನಿಂದಲೂ ಇದ್ದ ಹೆಸರು ಬೋರ್ಡಿಗೂ ಬಂತೆಂದು ಸಂತೋಷಪಟ್ಟೆವು.

ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕವನ್ನು ಎದೆಗವಚಿಕೊಂಡು ಕೂತವರು ತಿಂಗಳ ಬಾಡಿಗೆ ಹೆಚ್ಚು ಎನ್ನುತ್ತಾರೆ, ನಮ್ಮ ಮಾಹಿತಿ ಯಾರದೋ ಸರ್ವರಿನಲ್ಲಿ ಇರುತ್ತದೆ ಎನ್ನುತ್ತಾರೆ. ಐವತ್ತಾರು ದಿನಗಳ ದುಡಿಮೆ ಯಾವ ಸರ್ವರಿನಲ್ಲೂ ಇರಲಿಲ್ಲವಲ್ಲ, ಅದಕ್ಕೆ ಅವರು ಏನೆನ್ನುತ್ತಾರೆ?

ವಿರೋಧ: ಹಳೆಯ ಪುಸ್ತಕದ ಗತಿ ಏನು?

ವಿರೋಧದ ಪಕ್ಷವನ್ನು ನನಗೆ ಕೊಡಲಾಗಿದೆ. ಅದನ್ನು ಪೂರ್ಣವಾಗಿ ನಂಬಿದ್ದೇನೆಂದು ಹೇಳಿದರೆ ತಪ್ಪಾದೀತು, ಏಕೆಂದರೆ ಬೀದರಿನ ನನ್ನ ಕಚೇರಿಯಲ್ಲೂ ಎರಡು ವರ್ಷದಿಂದ ಕೆಲವು ಕೆಲಸಗಳು ಇಂಥ ವೇದಿಕೆಯ ಮೇಲೆಯೇ ನಡೆಯುತ್ತಿವೆ. ಆದರೂ ಒಂದು ಪ್ರಶ್ನೆಯನ್ನು ಮನಸ್ಸಿಟ್ಟೇ ಕೇಳುತ್ತೇನೆ, ಏಕೆಂದರೆ ಅದಕ್ಕೆ ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಹೊಸ ಹೆಸರೆಂದರೆ ಹೊಸ ಸಾಮರ್ಥ್ಯವೆಂದು ತಿಳಿಯಬೇಕಾಗಿಲ್ಲ. ನ್ಯಾವಿಷನ್ ಎಂಬ ಡೆನ್ಮಾರ್ಕಿನ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2002ರಲ್ಲಿ ಕೊಂಡಿತು. ಅದು ಡೈನಾಮಿಕ್ಸ್ ನ್ಯಾವ್ ಆಗಿ, 2018ರಲ್ಲಿ ಡೈನಾಮಿಕ್ಸ್ 365 ಬಿಸಿನೆಸ್ ಸೆಂಟ್ರಲ್ ಆಯಿತು. ವಿಶ್ವವಿದ್ಯಾಲಯಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಮಾರುವ ನೆದರ್ಲೆಂಡ್ಸಿನ ಯುನಿಟ್4 ಕಂಪನಿ ತನ್ನ ಅಗ್ರೆಸ್ಸೊ ತಂತ್ರಾಂಶಕ್ಕೆ ಯುನಿಟ್4 ಬಿಸಿನೆಸ್ ವರ್ಲ್ಡ್ ಎಂದು ಹೆಸರಿಟ್ಟಿತು. ಒಳಗಿನ ಲೆಕ್ಕ ಹಿಂದಿನ ದಿನ ಹೇಗಿತ್ತೋ ಮರುದಿನವೂ ಹಾಗೇ ಇತ್ತು. ಹೆಸರು ಬದಲಾಗುವ ಹೊತ್ತಿಗೆ ಮಾರಾಟಗಾರರ ಅವಸರ ಮಾತ್ರ ಹೆಚ್ಚಾಗುತ್ತದೆ: ಈ ವರ್ಷವೇ ಬನ್ನಿ, ಹಳೆಯದಕ್ಕೆ ಬೆಂಬಲ ನಿಲ್ಲುತ್ತದೆ. ಆ ಗಡುವುಗಳೂ ಕಲ್ಲಿನಲ್ಲಿ ಕೊರೆದವಲ್ಲ. ಸ್ಯಾಪ್ ಕಂಪನಿ ತನ್ನ ಹಳೆಯ ಇಸಿಸಿ ತಂತ್ರಾಂಶಕ್ಕೆ 2025ರವರೆಗೆ ಮಾತ್ರ ಬೆಂಬಲವೆಂದು ಹೇಳಿ, 2020ರಲ್ಲಿ ಅದನ್ನು 2027ರ ಕೊನೆಯವರೆಗೆ ಮುಂದೂಡಿತು, ಹೆಚ್ಚು ಹಣ ಕೊಡುವವರಿಗೆ 2030ರವರೆಗೂ ಅವಕಾಶವಿಟ್ಟಿತು. ಕಾದವರು ಆ ಗಡುವಿನಿಂದ ಏನನ್ನೂ ಕಳೆದುಕೊಳ್ಳಲಿಲ್ಲ.

ಗಂಟೆಗಳ ಲೆಕ್ಕ ಮುಖ್ಯವೆಂಬುದನ್ನು ನಾನೂ ಒಪ್ಪುತ್ತೇನೆ. ಅದನ್ನು ಒಂದು ಹಾಜರಿ ಪುಸ್ತಕದಲ್ಲಿ, ಇಲ್ಲವೇ ಎಕ್ಸೆಲ್ ಹಾಳೆಯಲ್ಲಿ, ಪ್ರತಿ ಸಂಜೆ ಬರೆಯುವ ಶಿಸ್ತಿದ್ದರೂ ಸಾಕು.

ನನ್ನ ಚಿಂತೆ ಹಳೆಯ ಪುಸ್ತಕದ್ದು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಎಂಟು ಆರ್ಥಿಕ ವರ್ಷ ಕಾಪಾಡಬೇಕು. ಜಿಎಸ್‌ಟಿ ಕಾಯ್ದೆಯಲ್ಲಿ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ ಎಪ್ಪತ್ತೆರಡು ತಿಂಗಳು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡೂ ಉಳಿಯಬೇಕು. ಹೊಸ ವೇದಿಕೆಗೆ ಹೋಗುವವರು ಸಾಮಾನ್ಯವಾಗಿ ಒಯ್ಯುವುದು ಆರಂಭಿಕ ಶಿಲ್ಕನ್ನು, ಬಾಕಿದಾರರ ಪಟ್ಟಿಯನ್ನು, ಹೆಚ್ಚೆಂದರೆ ಒಂದು ವರ್ಷದ ನಮೂದುಗಳನ್ನು. ಉಳಿದ ವರ್ಷಗಳ ವೋಚರುಗಳು, ಅವುಗಳ ತಿದ್ದುಪಡಿಯ ಜಾಡು, ಅವುಗಳ ಹಿಂದಿನ ಮಂಜೂರಾತಿಗಳು ಎಲ್ಲಿ ಉಳಿಯುತ್ತವೆ? ಬಾಡಿಗೆ ನಿಂತ ತಿಂಗಳು ಹಳೆಯ ವೇದಿಕೆಯ ಬಾಗಿಲು ಮುಚ್ಚಿದರೆ ಯಾರನ್ನು ಕೇಳಬೇಕು?

ಊರಿನ ಹೆಸರಿನ ಹೋಲಿಕೆಯನ್ನು ಎದುರಿನ ಲೇಖಕಿ ಕೊಡುತ್ತಾರೆ. ಗುಲಬರ್ಗಾ ಕಲಬುರಗಿಯಾದಾಗ ಹಳೆಯ ಪಹಣಿ ರದ್ದಾಗಲಿಲ್ಲ, ಗುಲಬರ್ಗಾ ವಿಶ್ವವಿದ್ಯಾಲಯ ಕೊಟ್ಟಿದ್ದ ಪದವಿಗಳು ಅಳಿಸಿಹೋಗಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಅದಕ್ಕೆ ಮೊದಲು ಪಡೆದ ಅರ್ಹತಾ ಪತ್ರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಹೆಸರಿನ ಹಿಂದೆ ದಾಖಲೆ ಉಳಿಯಿತು. ತಂತ್ರಾಂಶದ ಮಾರುಕಟ್ಟೆಯಲ್ಲಿ ಆ ಭರವಸೆ ಬರಿಯ ಬಾಯಿಮಾತಿನದು.

ನನ್ನ ಕಕ್ಷಿದಾರರಲ್ಲಿ ಮೂರು ಶಾಲೆ ನಡೆಸುವ ಒಂದು ಟ್ರಸ್ಟ್ ಇದೆ. ಅವರು ಬಳಸುತ್ತಿದ್ದ ತಂತ್ರಾಂಶದ ಮಾಲೀಕರು ಹೆಸರು ಬದಲಿಸಿ ಹೊಸ ವೇದಿಕೆ ತಂದರು, ಟ್ರಸ್ಟಿನವರು ಸಂತೋಷದಿಂದಲೇ ಸೇರಿಕೊಂಡರು. ಆದಾಯ ತೆರಿಗೆಯ ಪರಿಶೀಲನೆಗೆ ಮೂರು ವರ್ಷ ಹಿಂದಿನ ಶುಲ್ಕದ ವಿವರ ಬೇಕಾದಾಗ ಕೈಗೆ ಬಂದದ್ದು ಮುದ್ರಿಸಿದ ಪುಟದಂಥ ಪಿಡಿಎಫ್ ಕಡತಗಳು. ವಿದ್ಯಾರ್ಥಿವಾರು ವಿಂಗಡಿಸಲು ಬರುವುದಿಲ್ಲ, ಕೂಡಿಸಲು ಬರುವುದಿಲ್ಲ. ಕನ್ನಡದಲ್ಲಿ ತುಂಬಿದ್ದ ಹೆಸರುಗಳಲ್ಲಿ ಒತ್ತಕ್ಷರಗಳು ಚದುರಿಹೋಗಿದ್ದವು. ಶರಣಬಸಪ್ಪ ಯಾರು, ಬಸವಣ್ಣೆಪ್ಪ ಯಾರು ಎಂದು ಪ್ರವೇಶ ಸಂಖ್ಯೆ ನೋಡಿಯೇ ಗುರುತಿಸಬೇಕಾಯಿತು. ಅಲ್ಲಿಂದ ಈಚೆಗೆ ಯಾರೇ ಹೊಸ ವೇದಿಕೆಯ ಒಪ್ಪಂದ ಹಿಡಿದು ಬಂದರೂ, ಹಿಂದಿನ ಮೂರು ವರ್ಷದ ಕಿರ್ದಿಯನ್ನು ಪೆನ್‌ಡ್ರೈವಿನಲ್ಲಿ ತಂದು, ಆ ತಂತ್ರಾಂಶವೇ ಇಲ್ಲದ ನನ್ನ ಕಂಪ್ಯೂಟರಿನಲ್ಲಿ ತೆರೆದು ತೋರಿಸಿರಿ ಎಂದು ಕೇಳುತ್ತೇನೆ. ಆ ಟ್ರಸ್ಟಿನ ಗುಮಾಸ್ತೆ ಮಾತ್ರ ಈಗಲೂ ಮಧ್ಯಾಹ್ನದ ಹೊತ್ತು ಪಿಡಿಎಫ್ ನೋಡಿಕೊಂಡು ರಸೀದಿಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿದ್ದಾರೆ. ಕಳೆದ ವಾರ ಎರಡನೆಯ ವರ್ಷದ ಡಿಸೆಂಬರ್ ತಲುಪಿದ್ದರು.