ಹೆಬ್ಬೆಟ್ಟಿಗೆ ಸಿಕ್ಕಿದ ಬೆಣ್ಣೆಹಣ್ಣು

ಬೆಣ್ಣೆಹಣ್ಣನ್ನು ಹಾಳು ಮಾಡುವುದು ಮಂಗ, ಅಳಿಲು ಅಂದುಕೊಂಡಿದ್ದರೆ, ಮಳೆಗಾಲದಲ್ಲಿ ಒಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಣ್ಣಿನ ಗಾಡಿಯ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಬಂದವರೆಲ್ಲ ಹೆಬ್ಬೆರಳು ಮುಂದೆ ಮಾಡಿಕೊಂಡೇ ಬರುತ್ತಾರೆ. ಒಂದರ ಹೊಟ್ಟೆ ಅಮುಕಿ ‘ಅಯ್ಯೋ, ಕಲ್ಲು ಕಣ್ರೀ’ ಅನ್ನುತ್ತಾರೆ. ಇನ್ನೊಂದರ ಬೆನ್ನು ಅಮುಕಿ ‘ಇದು ಕೊಳೆತಿದೆ’ ಅನ್ನುತ್ತಾರೆ. ಅದು ಕೊಳೆತದ್ದಲ್ಲ ಸ್ವಾಮಿ, ಬೆಳಗ್ಗಿನಿಂದ ಬಂದವರೆಲ್ಲ ಅಮುಕಿದ್ದು! ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನು ಬರೆದುಕೊಟ್ಟ ಹಾಗೆ ಬುಟ್ಟಿಯಲ್ಲಿದ್ದ ಅಷ್ಟಕ್ಕೂ ಹೆಬ್ಬೆಟ್ಟು ಒತ್ತಿ, ಕೊನೆಗೆ ಅರ್ಧ ಕೆಜಿ ಬಾಳೆಹಣ್ಣು ಕೊಂಡು ಹೊರಡುತ್ತಾರೆ. ಒತ್ತಿದ ಗುರುತು ಆಗಲೇ ಕಾಣುವುದಿಲ್ಲ. ಎರಡು ದಿನ ಕಳೆದು ಕೊಯ್ದವರಿಗೆ ತಿರುಳಿನಲ್ಲಿ ಕಂದು ಕಲೆ ಸಿಗುತ್ತದೆ, ಬೈಗುಳ ಗಾಡಿಯವನಿಗೆ.

ಈ ಹಣ್ಣು ಮರದಲ್ಲಿ ಬಲಿಯುತ್ತದೆ, ಹಣ್ಣಾಗುವುದಿಲ್ಲ. ಕೊಯ್ದ ಮೇಲೆ ಐದರಿಂದ ಎಂಟು ದಿನ ಬೇಕು. ಅಂದರೆ ಅಂಗಡಿಯಲ್ಲಿ ಗಟ್ಟಿ ಇರುವುದೇ ಸರಿ. ಪರೀಕ್ಷೆ ಮಾಡಲೇಬೇಕೆಂದರೆ ಇಡೀ ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅದುಮಬೇಕು. ಬೇಗ ಹಣ್ಣಾಗಲಿ ಎಂದರೆ ಕಾಗದದ ಚೀಲದಲ್ಲಿ ಬಾಳೆಹಣ್ಣಿನ ಜೊತೆ ಇಡಿ. ಅದು ಬಿಡುವ ಎಥಿಲೀನ್ ಅನ್ನುವ ಅನಿಲ ಕೆಲಸ ಮುಗಿಸುತ್ತದೆ. (ಆ ಅರ್ಧ ಕೆಜಿ ಹೀಗಾದರೂ ಉಪಯೋಗಕ್ಕೆ ಬರಲಿ.) ಕಾಯಿಯನ್ನು ಫ್ರಿಜ್ಜಿಗೆ ಹಾಕಿದರೆ ಚಳಿ ತಾಗಿ ಒಳಗೆ ಕಪ್ಪಾಗುತ್ತದೆ, ನೆಟ್ಟಗೆ ಹಣ್ಣಾಗುವುದಿಲ್ಲ.

ತೋಟದ ಕಡೆಯ ತಪ್ಪೂ ಕಡಿಮೆಯಿಲ್ಲ. ದೋಟಿಯಿಂದ ಬಡಿದು ಬೀಳಿಸಿದ ಕಾಯಿಗೆ ಬಿದ್ದಲ್ಲೆಲ್ಲ ಪೆಟ್ಟು. ದೋಟಿಯ ತುದಿಗೆ ಬಲೆ ಕಟ್ಟಬೇಕು, ಚೂರು ತೊಟ್ಟು ಉಳಿಸಿ ಕತ್ತರಿಸಬೇಕು. ತೊಟ್ಟು ಕಿತ್ತ ಬಾಯಿಯಿಂದಲೇ ಕೊಳೆ ಒಳಗೆ ಹೋಗುವುದು. ಬುಡದಲ್ಲಿ ನೀರು ನಿಂತರಂತೂ ಫೈಟಾಪ್ತೊರಾ ಅನ್ನುವ ಬೂಷ್ಟಿನಂಥ ರೋಗಾಣು ಬೇರನ್ನೇ ತಿನ್ನುತ್ತದೆ. ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ್ದು, ನಮ್ಮ ಮಳೆಗೆ ಇಬ್ಬರೂ ನೆಂಟರೇ. ಇನ್ನು ಇದರ ಸೊಪ್ಪು ಕೊಟ್ಟಿಗೆಗೆ ಬೇಡ, ದನ ತಿಂದರೆ ವಿಷ.

ತೀರ್ಥಹಳ್ಳಿ, ಕೊಪ್ಪದ ಕಡೆ ಹಿತ್ತಿಲಿನಲ್ಲಿ ಬೀಜದಿಂದ ಎದ್ದ ಹಳೇ ಮರಗಳಿವೆ. ಒಂದರ ಹಣ್ಣು ಇನ್ನೊಂದರಂತಿಲ್ಲ. ಒಂದು ನಾರು, ಒಂದು ನೀರು, ಒಂದು ಅಪ್ಪಟ ಬೆಣ್ಣೆ. ಯಾವ ಮರದ ಹಣ್ಣು ಯಾವಾಗ ಮೆತ್ತಗಾಗುತ್ತದೆಂದು ಆ ಮನೆಯ ಅಜ್ಜಿಯಂದಿರಿಗೆ ನೋಡಿದರೇ ತಿಳಿಯುತ್ತಿತ್ತು, ಮುಟ್ಟಬೇಕಿರಲಿಲ್ಲ.

ಈಗ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ಬಿಡುವುದಿಲ್ಲ. ಅನ್ನಕ್ಕೆ ಅಕ್ಕಿ ತೆಗೆಯಲು ಬಂದವರು ಒಮ್ಮೆ ಒತ್ತುತ್ತಾರೆ, ದೋಸೆಗೆ ನೆನೆಹಾಕಲು ಬಂದವರು ಇನ್ನೊಮ್ಮೆ.