ನೂರಾ ಮೂವತ್ತೆಂಟಕ್ಕೆ ಐವತ್ತು

ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದಕ್ಕೇ ಗುರಿಯಿಟ್ಟು ಓದಿದವರಿಗೆ ಇಂಗ್ಲೆಂಡಿನ ಲೀಗ್ ಟೂ ಫುಟ್‌ಬಾಲ್ ತಟ್ಟನೆ ಅರ್ಥವಾಗುತ್ತದೆ. ಹೆಸರಲ್ಲಿ ಎರಡು ಅಂತಿದ್ದರೂ ಅದು ನಾಲ್ಕನೇ ದರ್ಜೆ. ಮೇಲೆ ಪ್ರೀಮಿಯರ್ ಲೀಗ್, ಅದರ ಕೆಳಗೆ ಚಾಂಪಿಯನ್‌ಷಿಪ್, ಅದರ ಕೆಳಗೆ ಲೀಗ್ ಒನ್, ಆಮೇಲೆ ಇವರು. 24 ಕ್ಲಬ್‌ಗಳು, ಒಬ್ಬೊಬ್ಬರಿಗೆ 46 ಪಂದ್ಯ, ಗೆದ್ದರೆ 3 ಅಂಕ, ಡ್ರಾ ಆದರೆ 1. ಎಲ್ಲವನ್ನೂ ಗೆದ್ದರೆ 138. ಎಲ್ಲವನ್ನೂ ಯಾರೂ ಗೆಲ್ಲುವುದಿಲ್ಲ ಅನ್ನುವುದು ಬೇರೆ ಮಾತು. ಕೊನೆಯ ಎರಡು ಸ್ಥಾನದವರು ನ್ಯಾಷನಲ್ ಲೀಗ್ ಎಂಬ ಐದನೇ ದರ್ಜೆಗೆ ಜಾರುತ್ತಾರೆ. ಐವತ್ತು ಅಂಕ ಮಾಡಿಕೊಂಡರೆ ಬಚಾವು ಅನ್ನುವುದು ಅಲ್ಲಿನ ಮ್ಯಾನೇಜರುಗಳ ಬಾಯಲ್ಲಿ ಹಳೆಯ ಲೆಕ್ಕ. 138ಕ್ಕೆ 50 ಅಂದರೆ ಶೇಕಡಾ 36. ಜಸ್ಟ್ ಪಾಸ್, ಮೇಲೊಂದು ಗ್ರೇಸ್ ಮಾರ್ಕು.

ಈ ಐವತ್ತನ್ನು ಬಿಡಿಸಿ ನೋಡಿದರೆ 13 ಗೆಲುವು, 11 ಡ್ರಾ, 22 ಸೋಲು. ಅಂದರೆ ಇಪ್ಪತ್ತೆರಡು ಸಲ ಮಳೆಯಲ್ಲಿ ನೆನೆದು, ಸೋತು, ಬಸ್ಸು ಹತ್ತುವುದು ಕೂಡ ಯೋಜನೆಯ ಒಳಗೇ ಬರುತ್ತದೆ. ಇಷ್ಟು ಸೋತ ಮೇಲೂ ಮೇ ತಿಂಗಳಲ್ಲಿ ಜನ ಕುಣಿಯುತ್ತಾರೆ.

ಜೂನ್‌ನಲ್ಲಿ ವೇಳಾಪಟ್ಟಿ ಬರುತ್ತದೆ. ಅದರಲ್ಲಿ ಅನುಭವಸ್ಥ ಅಭಿಮಾನಿ ಮೊದಲು ಹುಡುಕುವುದು ಎದುರಾಳಿಯನ್ನಲ್ಲ, ಮಂಗಳವಾರ ರಾತ್ರಿಯ ದೂರದೂರುಗಳನ್ನು. ಒಂದು ಕಾಲಕ್ಕೆ ಕಾರ್ಲೈಲ್, ಪ್ಲಿಮತ್ ಎರಡೂ ಇದೇ ದರ್ಜೆಯಲ್ಲಿದ್ದವು. ಒಂದು ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡಿದ್ದರೆ ಇನ್ನೊಂದು ನೈಋತ್ಯದ ಕಡಲಂಚಿನಲ್ಲಿ. ನಡುವೆ 600 ಕಿಲೋಮೀಟರಿಗೂ ಮೇಲೆ ರಸ್ತೆ, ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಬೀದರ್ ಪ್ರಯಾಣ. ಸಂಜೆ ಏಳೂಮುಕ್ಕಾಲಿಗೆ ಶುರುವಾದ ಪಂದ್ಯ ಮುಗಿಯುವ ಹೊತ್ತಿಗೆ ಹತ್ತಕ್ಕೆ ಹತ್ತಿರ. ಸೊನ್ನೆ–ಸೊನ್ನೆ ನೋಡಿಕೊಂಡು ಬೆಳಗಿನ ಜಾವ ಊರು ಮುಟ್ಟಿದವನು ಹಾಗೇ ಕೆಲಸಕ್ಕೆ ಹೋಗುತ್ತಾನೆ.

ಆಗಸ್ಟ್ ಮಾತ್ರ ಬಲು ಸುಖದ ತಿಂಗಳು. ಒಂದೂ ಪಂದ್ಯ ಆಡದಾಗ ಅಂಕಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿರುತ್ತದೆ, ಹಾಗಾಗಿ ಆ್ಯಕ್ರಿಂಗ್ಟನ್ ಸ್ಟ್ಯಾನ್ಲಿಗೆ ಅಗ್ರಸ್ಥಾನ ಪುಕ್ಕಟೆ. ಕೆಲವೊಮ್ಮೆ ಈ ಸುಖ ಉಕ್ಕುತ್ತದೆ ಕೂಡ. 2025ರ ಆಗಸ್ಟ್ 27ರಂದು, ನಾಲ್ಕೂ ದರ್ಜೆಯವರು ಆಡುವ ಲೀಗ್ ಕಪ್‌ನಲ್ಲಿ, ಲೀಗ್ ಟೂನ ಗ್ರಿಮ್ಸ್‌ಬಿ ಟೌನ್ ಸಾಕ್ಷಾತ್ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 2–2ರ ನಂತರ ಪೆನಾಲ್ಟಿಯಲ್ಲಿ 12–11ಕ್ಕೆ ಮಣಿಸಿತು. ಗ್ರಿಮ್ಸ್‌ಬಿ ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನುಗಳನ್ನು ಬೀಸುವ ಪೈಕಿ. ಆ ರಾತ್ರಿ ಮೀನುಗಳಿಗೂ ನಿದ್ದೆ ಇರಲಿಲ್ಲ. ಬೆನ್ನಿಗೇ ಗೊತ್ತಾಯಿತು, ಒಬ್ಬ ಆಟಗಾರನ ನೋಂದಣಿ ಹಿಂದಿನ ದಿನ ಮಧ್ಯಾಹ್ನ ಹನ್ನೆರಡರ ಗಡುವು ದಾಟಿ ಒಂದು ನಿಮಿಷಕ್ಕೆ ಸಲ್ಲಿಕೆಯಾಗಿತ್ತು. 20,000 ಪೌಂಡ್ ದಂಡ, ಅದರಲ್ಲಿ ಅರ್ಧ ಅಮಾನತಿನಲ್ಲಿ. ಗೆಲುವು ಉಳಿಯಿತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕಿಟಕಿ ಮುಚ್ಚಿಸಿಕೊಂಡವರಿಗೆ ಈ ಒಂದು ನಿಮಿಷದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಹಳದಿ ಕಾರ್ಡಿನದೂ ಹೀಗೇ ಕಂತಿನ ಲೆಕ್ಕ. ಮೊದಲ 19 ಲೀಗ್ ಪಂದ್ಯಗಳೊಳಗೆ ಐದು ಹಳದಿ ಬಿದ್ದರೆ ಒಂದು ಪಂದ್ಯ ಹೊರಗೆ, 37ರೊಳಗೆ ಹತ್ತಾದರೆ ಎರಡು. ನಾಲ್ಕು ಹಳದಿ ಹೊತ್ತ ಡಿಫೆಂಡರ್ ಹದಿನೆಂಟನೇ ಪಂದ್ಯದಲ್ಲಿ ಮದುವೆಮನೆಯ ಹೊಸ ಅಳಿಯನಷ್ಟು ಸಭ್ಯ. ಇಪ್ಪತ್ತನೆಯದರಲ್ಲಿ ನಿಜರೂಪ. ಅಂದಹಾಗೆ, ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲೇ ವೆಸ್ಟ್‌ವುಡ್ ಬಂದದ್ದು ಇದೇ ಗರಡಿಯಿಂದ. ಕ್ರೂ, ನಾರ್ಥಾಂಪ್ಟನ್, ರೆಕ್ಸಮ್‌ಗಳಲ್ಲೆಲ್ಲ ಡಿಫೆಂಡರ್ ಆಗಿದ್ದವರು 2013–14ರಲ್ಲಿ, ಕ್ಲಬ್ ಹುಟ್ಟಿದ ವರ್ಷವೇ, ಬೆಂಗಳೂರಿಗೆ ಐ-ಲೀಗ್ ಗೆದ್ದುಕೊಟ್ಟರು.

ಇನ್ನು ಜನವರಿ. ಕೆಳದರ್ಜೆಯ ಕ್ಲಬ್ಬಿನ ನಿಜವಾದ ಎದುರಾಳಿ ಅಂದರೆ ಮಂಜುಗಡ್ಡೆ. ಶ್ರೀಮಂತ ಕ್ಲಬ್‌ಗಳ ಹುಲ್ಲಿನಡಿ ಬಿಸಿ ಕೊಳವೆ ಹರಿಯುತ್ತದೆ, ಬಡವರ ಹುಲ್ಲಿಗೆ ಹೊದಿಕೆಯೇ ಗತಿ. ಅದನ್ನು ಹೊದಿಸುವುದಕ್ಕೂ ಹೊತ್ತು ಗೊತ್ತಿದೆ. ಶುಕ್ರವಾರ ಮಧ್ಯಾಹ್ನ ಸೂರ್ಯ ಇಳಿಯುವ ಮೊದಲೇ, ನೆಲದಲ್ಲಿ ಚೂರುಪಾರು ಬಿಸಿ ಇರುವಾಗಲೇ ಹಾಸಬೇಕು. ಹೊದಿಕೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ ಅಷ್ಟೇ. ರಾತ್ರಿ ಹತ್ತಕ್ಕೆ ಎಚ್ಚರಾಗಿ ಓಡಿಬಂದು ಹೊದಿಸಿದರೆ ಚಳಿಯನ್ನೇ ಬೆಚ್ಚಗೆ ಮಲಗಿಸಿದ ಹಾಗೆ. ಅಂಚಿಗೆ ಮರಳಿನ ಮೂಟೆ ಹೇರದಿದ್ದರೆ ಗಾಳಿ ಒಳನುಗ್ಗಿ ಇಡೀ ಹಾಸು ಹಾಯಿಯಂತೆ ಎದ್ದು ನಿಲ್ಲುತ್ತದೆ. ದಿನಗಟ್ಟಲೆ ಮುಚ್ಚಿಟ್ಟರೆ ಹುಲ್ಲಿಗೆ ಬೂಷ್ಟು.

ಶನಿವಾರ ಬೆಳಗ್ಗೆ ರೆಫರಿ ಬರುತ್ತಾರೆ. ಚೆಂಡನ್ನು ಭುಜದೆತ್ತರದಿಂದ ಬಿಡುತ್ತಾರೆ, ಬೂಟಿನ ಮುಳ್ಳು ಒತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ಓಡಿ ಸರಕ್ಕನೆ ತಿರುಗುತ್ತಾರೆ. ಮುಳ್ಳು ಇಳಿಯದಿದ್ದರೆ ಗಡ್ಡೆ, ಚೆಂಡು ಪುಟಿಯದೆ ಪಚಕ್ಕನೆ ಕೂತರೆ ಕೆಸರು. ಸಾಮಾನ್ಯವಾಗಿ ಹಾಳಾಗುವುದು ದಕ್ಷಿಣದ ಸ್ಟ್ಯಾಂಡಿನ ನೆರಳು ಬೀಳುವ ಪಟ್ಟಿ. ಚಳಿಗಾಲದ ಸೂರ್ಯ ಅಲ್ಲಿ ಚಾವಣಿಯಿಂದ ಮೇಲೇಳುವುದೇ ಇಲ್ಲ. ಉಳಿದ ಮೈದಾನವೆಲ್ಲ ಹಸಿರಾಗಿ ನಗುತ್ತಿದ್ದರೂ ನಾಲ್ಕು ಮೀಟರ್ ಗಡ್ಡೆಗಾಗಿ ಪಂದ್ಯ ಮುಂದಕ್ಕೆ ಹೋಗುತ್ತದೆ. ಮಳೆ ನಿಂತಿದ್ದರೆ ಇನ್ನೊಂದು ತಪ್ಪಿಗೆ ಅವಕಾಶ. ಉತ್ಸಾಹಿ ಸ್ವಯಂಸೇವಕರು ಭಾರದ ರೋಲರ್ ಎಳೆದರೆ ಮಣ್ಣು ಗಟ್ಟಿಯಾಗಿ ನೀರು ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮಾಡಬೇಕಾದ್ದು ಕವಲುಗೋಲಿನಿಂದ ತೂತು ಚುಚ್ಚಿ, ಸ್ಪಂಜಿನಲ್ಲಿ ನೀರು ಹೀರಿ, ಮರಳು ಎರಚುವುದು.

ಮಧ್ಯಾಹ್ನ ಒಂದಕ್ಕೆ ಪಂದ್ಯ ರದ್ದು ಅಂದರೆ ಅತಿ ದೊಡ್ಡ ನಷ್ಟ ಅಡುಗೆಮನೆಯಲ್ಲಿ. ಮಾಂಸದ ಪೈಗಳು ಅಷ್ಟರಲ್ಲಿ ಒಲೆ ಸೇರಿರುತ್ತವೆ. ಒಮ್ಮೆ ಮರುಬಿಸಿ ಮಾಡಿದ್ದನ್ನು ಇನ್ನೊಮ್ಮೆ ಬಿಸಿ ಮಾಡಬಾರದು. ದಿನಾಂಕ ಅಚ್ಚಾದ ಪಂದ್ಯದ ಪುಸ್ತಿಕೆ ರದ್ದಿಗೆ. ಎದುರಾಳಿಯ ಬಸ್ಸು ಅರ್ಧ ದಾರಿಯಲ್ಲಿ. ಆ ಪಂದ್ಯ ಮಾರ್ಚ್‌ನ ಯಾವುದೋ ಮಂಗಳವಾರ ರಾತ್ರಿಗೆ ಬೀಳುತ್ತದೆ, ವಾರಕ್ಕೆ ಮೂರು ಪಂದ್ಯವಾಗುತ್ತದೆ, ತೊಡೆಯ ಸ್ನಾಯು ಹಿಡಿದವರ ಸಾಲು ಬೆಳೆಯುತ್ತದೆ, ಗೇಟಿನ ಹಣ ಕರಗುತ್ತದೆ. ಶುಕ್ರವಾರದ ಹೊದಿಕೆ ಒಂದು ತಾಸು ತಡವಾದದ್ದಕ್ಕೆ ಇಷ್ಟೂ ಫಲ.

ನದಿ ದಂಡೆಯ ಕ್ಲಬ್ಬುಗಳ ಗೋಳು ಇನ್ನೊಂದು ಬಗೆ. ಶ್ರೂಸ್‌ಬರಿಯ ಹಳೆಯ ಮೈದಾನ ಗೇ ಮೆಡೋ, 2007ರವರೆಗೆ ಬಳಕೆಯಲ್ಲಿದ್ದದ್ದು, ಸೆವರ್ನ್ ನದಿಗೆ ಅಂಟಿಕೊಂಡಿತ್ತು. ಆಕಾಶಕ್ಕೆ ಒದ್ದ ಚೆಂಡು ಹೊಳೆಗೇ. ಅದನ್ನು ತರಲು ಫ್ರೆಡ್ ಡೇವಿಸ್ ಎಂಬವರು ಹರಿಗೋಲು ಇಟ್ಟುಕೊಂಡು ಕಾಯುತ್ತಿದ್ದರು. ಹಂಪಿಯಲ್ಲಿ ತುಂಗಭದ್ರೆ ದಾಟಿಸುತ್ತಾರಲ್ಲ, ಅದೇ ಬುಟ್ಟಿಯ ಜಾತಿಯದು. ಕಾರ್ಲೈಲಿನಲ್ಲಿ ಚೆಂಡು ಹೊಳೆಗೆ ಹೋಗಲಿಲ್ಲ, ಹೊಳೆಯೇ ಮೈದಾನಕ್ಕೆ ಬಂತು. 2015ರ ಡಿಸೆಂಬರ್ ಬಿರುಗಾಳಿಯಲ್ಲಿ ಬ್ರಂಟನ್ ಪಾರ್ಕ್ ಮುಳುಗಿ, ನೀರಿಳಿದ ಮೇಲೆ ಗೋಲಿನ ಮುಂದೆ ಒಂದು ಗೋಲ್ಡ್‌ಫಿಷ್ ಸಿಕ್ಕಿತು. ‘ತವರಿನ’ ಪಂದ್ಯಗಳನ್ನು ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬ್ಲ್ಯಾಕ್‌ಪೂಲ್‌ಗಳಲ್ಲಿ ಆಡಬೇಕಾಯಿತು.

ಏಪ್ರಿಲ್ ಹೊತ್ತಿಗೆ ಎಲ್ಲರ ಕೈಯಲ್ಲೂ ಕ್ಯಾಲ್ಕುಲೇಟರ್. 1987ರಲ್ಲಿ, ಕೊನೆಯ ಸ್ಥಾನದವರೊಬ್ಬರೇ (ಇಬ್ಬರಾದದ್ದು ಆಮೇಲೆ) ನೇರ ಹೊರಗೆ ಅನ್ನುವ ನಿಯಮ ಬಂದ ಮೊದಲ ವರ್ಷ, ಟಾರ್ಕಿ ಯುನೈಟೆಡ್ ಕೊನೆಯ ಪಂದ್ಯದಲ್ಲಿ ಕ್ರೂ ವಿರುದ್ಧ 0–2 ಹಿಂದಿತ್ತು. ಜಿಮ್ ಮೆಕ್‌ನಿಕಲ್ ಒಂದು ಗೋಲು ಮರಳಿಸಿದರು. ಅದೇ ಮೆಕ್‌ನಿಕಲ್ ಚೆಂಡಿನ ಹಿಂದೆ ಗೆರೆಯತ್ತ ಓಡಿದಾಗ, ಯಜಮಾನನ ಮೇಲೇ ಏರಿ ಬರುತ್ತಿದ್ದಾನೆಂದು ತಿಳಿದ ಬ್ರಿನ್ ಎಂಬ ಪೊಲೀಸ್ ನಾಯಿ ತೊಡೆಗೆ ಬಾಯಿ ಹಾಕಿತು. ಪಟ್ಟಿ ಕಟ್ಟಲು ಹೋದ ಹೊತ್ತನ್ನು ರೆಫರಿ ಕೊನೆಗೆ ಸೇರಿಸಿದರು. ಆ ಹೊತ್ತಿನಲ್ಲೇ ಪಾಲ್ ಡಾಬ್ಸನ್ ಸಮಬಲದ ಗೋಲು ಹೊಡೆದರು. ಟಾರ್ಕಿ 48, ಲಿಂಕನ್ ಸಿಟಿ 48, ಗೋಲು ವ್ಯತ್ಯಾಸದಲ್ಲಿ ಲಿಂಕನ್ ಹೊರಗೆ. ನಾಯಿ ಕಚ್ಚಿದ್ದಕ್ಕೆ ಊರೆಲ್ಲ ಅದನ್ನೇ ಮುದ್ದಾಡಿದ್ದು ಅಪರೂಪ.

1999ರ ಮೇ 8ರಂದು ಕಾರ್ಲೈಲ್ ಸರದಿ. ಸ್ವಂತ ಗೋಲ್‌ಕೀಪರನ್ನು ಮಾರಿ, ಎರವಲು ತಂದವನೂ ವಾಪಸಾಗಿ, ಸ್ವಿಂಡನ್‌ನಿಂದ ಜಿಮ್ಮಿ ಗ್ಲಾಸ್ ಎಂಬವರನ್ನು ವಿಶೇಷ ಅನುಮತಿಯ ಮೇಲೆ ತಂದಿದ್ದರು. ಪ್ಲಿಮತ್ ವಿರುದ್ಧ 1–1, ಉಳಿದದ್ದು ಕೆಲವೇ ಸೆಕೆಂಡು. ಅತ್ತ ಸ್ಕಾರ್‌ಬರೋ ತನ್ನ ಪಂದ್ಯ ಮುಗಿಸಿ ಪಾಸಾದೆವೆಂದು ಕುಣಿಯುತ್ತಿತ್ತು. ಇತ್ತ ಕಾರ್ನರ್‌ಗೆ ಗೋಲು ಬಿಟ್ಟು ಓಡಿಬಂದ ಗ್ಲಾಸ್, ಎದುರಾಳಿ ಕೀಪರ್ ತಡೆದ ಚೆಂಡನ್ನು ಬಲಗಾಲಿನಲ್ಲಿ ಒಳಗೆ ಒದ್ದರು. ಕಾರ್ಲೈಲ್ 49, ಸ್ಕಾರ್‌ಬರೋ 48. 138ರ ಶೇಕಡಾ 35 ಎಷ್ಟೆಂದು ಗುಣಿಸಿ ನೋಡಿ: 48.3.

ಜನ ಮೈದಾನಕ್ಕೆ ನುಗ್ಗುತ್ತಾರೆ. ಆ ಗದ್ದಲದಲ್ಲಿ ನಗದೆ ನಿಲ್ಲುವವನು ಗ್ರೌಂಡ್ಸ್‌ಮನ್ ಒಬ್ಬನೇ. ಆಗಸ್ಟ್‌ಗೆ ಅವನ ಬಳಿ ಇರುವುದು ಹನ್ನೆರಡು ವಾರ. ಸತ್ತ ಹುಲ್ಲು ಕೆರೆದು ತೆಗೆಯಬೇಕು, ಅರವತ್ತು ಟನ್ನಿಗೆ ಕಡಿಮೆಯಿಲ್ಲದಂತೆ ಮರಳು ಹರಡಬೇಕು, ರೈಗ್ರಾಸ್ ಬೀಜ ಬಿತ್ತಬೇಕು. ಒಂದು ವಾರ, ಹತ್ತು ದಿನಕ್ಕೆ ಮೊಳಕೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನಕ್ಕೆ ಸುಮಾರು 250 ಕಿಲೋ ಬೀಜ ಬೇಕು. ಚದರ ಮೀಟರಿಗೆ 35 ಗ್ರಾಂ.