ಒಂಬತ್ತು ಚೌಕದ ಪಾಪ-ಪುಣ್ಯ

ಓರ್ಕ್‌ಗಳಿಗೆ ಅಭಿನಂದನೆ. ಕಲ್ಪನೆಯ ಕಥೆಗಳಲ್ಲಿ ಬರುವ ಒರಟು ಕಾದಾಟದ ಕುಲ ಅದು. ಅಂತೂ ಇಂತೂ ರಾಕ್ಷಸರ ಪಟ್ಟಿಯಿಂದ ಅವರ ಹೆಸರು ಹೋಯ್ತು. ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ 2025ರ ಫೆಬ್ರವರಿಯಲ್ಲಿ ಬಂದ ಹೊಸ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ 500ಕ್ಕೂ ಜಾಸ್ತಿ ಪ್ರಾಣಿ, ಪಿಶಾಚಿ, ಡ್ರ್ಯಾಗನ್‌ಗಳಿವೆ. ಓರ್ಕ್ ಇಲ್ಲ. ಹಿಂದಿನ ವರ್ಷದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲೇ ಅವರಿಗೆ ಮನುಷ್ಯ, ಎಲ್ಫ್, ಡ್ವಾರ್ಫ್‌ಗಳ ಪಂಕ್ತಿಯಲ್ಲಿ ಎಲೆ ಹಾಕಿ ಆಗಿತ್ತು. ಆಡುವವರು ಆರಿಸಿಕೊಳ್ಳಬಹುದಾದ 10 ಕುಲಗಳಲ್ಲಿ ಈಗ ಅವರದ್ದೂ ಒಂದು.

ಸುದ್ದಿ ಕೇಳಿ ಒಂದು ಗುಂಪಿಗೆ ಹೊಟ್ಟೆ ಉರಿದುಹೋಯಿತು. ಆಟ ಕೆಟ್ಟಿತು, ಇದರಲ್ಲೂ ರಾಜಕೀಯ ತಂದರು, ಓರ್ಕ್ ಕೂಡ ಒಳ್ಳೆಯವನಾದರೆ ನಾವು ಕತ್ತಿ ಹಿಡಿದು ಯಾರ ಮೇಲೆ ಹೋಗೋದು ಅಂತ ಗೋಳು. ಅವರ ಕಷ್ಟ ಅರ್ಥವಾಗುತ್ತದೆ. ಐವತ್ತು ವರ್ಷ ಅನುಭವಿಸಿದ ಸೌಕರ್ಯ ಅದು. ಗುಹೆಗೆ ನುಗ್ಗು, ಒಳಗಿದ್ದವರನ್ನು ಕೊಲ್ಲು, ಇದ್ದಬದ್ದ ಚಿನ್ನ ಬಾಚಿಕೋ, ಹೊರಗೆ ಬಾ. ಮಾಡಿದ್ದು ದರೋಡೆ ಅಂತ ಯಾರೂ ಹೇಳುವ ಹಾಗಿಲ್ಲ, ಯಾಕೆಂದರೆ ಒಳಗಿದ್ದವರು ಕೆಟ್ಟವರು. ಕೆಟ್ಟವರು ಅಂತ ಹೇಗೆ ಗೊತ್ತಾಯ್ತು? ಪುಸ್ತಕದಲ್ಲಿ ಬರೆದಿದೆ.

ಪುಸ್ತಕಕ್ಕಾದರೂ ಖಾತ್ರಿ ಇತ್ತೇ ಅಂದರೆ ಅದೂ ಇಲ್ಲ. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್ ತೆಗೆದು ನೋಡಿ: ಓರ್ಕ್ ಲಾಫುಲ್ ಈವಿಲ್. ಅಂದರೆ ಕೆಟ್ಟವನೇ, ಆದರೆ ಶಿಸ್ತಿನ ಕೆಟ್ಟವನು, ಹೇಳಿದ ಮಾತು ಕೇಳುವವನು. 2000ದಲ್ಲಿ ಮೂರನೇ ಆವೃತ್ತಿ ಬಂತು. ಅದರಲ್ಲಿ ಅದೇ ಓರ್ಕ್ ಕೆಯಾಟಿಕ್ ಈವಿಲ್. ಲಂಗುಲಗಾಮಿಲ್ಲದ ಕೆಟ್ಟವನು. ರಾತ್ರಿ ಶಿಸ್ತಿನಿಂದ ಮಲಗಿದ್ದ ಇಡೀ ಕುಲ ಬೆಳಿಗ್ಗೆ ಎದ್ದಾಗ ಅರಾಜಕವಾಗಿತ್ತು. ಯಾವ ಓರ್ಕ್‌ನನ್ನೂ ಕೇಳಲಿಲ್ಲ. ಒಂದು ನೋಟಿಸ್ ಕೂಡ ಇಲ್ಲ.

ಇದೆಲ್ಲ ಅಲೈನ್‌ಮೆಂಟ್‌ನ, ಅಂದರೆ ಪಾತ್ರದ ಸ್ವಭಾವಕ್ಕೆ ಹಚ್ಚುವ ಹಣೆಪಟ್ಟಿಯ ಮಹಿಮೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟ ಹೊರತಂದಾಗ ಮೂರೇ ಪಕ್ಷ ಇದ್ದವು: ಲಾ (ಶಿಸ್ತು), ನ್ಯೂಟ್ರಾಲಿಟಿ (ನಡುಪಂಥ), ಕೆಯಾಸ್ (ಅರಾಜಕತೆ). 1978ರ ಹೊತ್ತಿಗೆ ಶಿಸ್ತಿನಿಂದ ಅರಾಜಕತೆಯವರೆಗೆ ಅಡ್ಡ ಮೂರು, ಒಳ್ಳೆಯದರಿಂದ ಕೆಟ್ಟದರವರೆಗೆ ಉದ್ದ ಮೂರು ಅಂತ ಒಂಬತ್ತು ಚೌಕ ಆಯಿತು. 2008ರಲ್ಲಿ ಐದಕ್ಕೆ ಇಳಿಸಿದರು. 2014ರಲ್ಲಿ ಮತ್ತೆ ಒಂಬತ್ತಕ್ಕೆ ಏರಿಸಿದರು. ಮನುಷ್ಯನ ಅಂತಃಕರಣದ ಕೋಣೆಗಳನ್ನು ಹೀಗೆ ಬೇಕಾದಾಗ ಒಡೆದು, ಬೇಕಾದಾಗ ಕಟ್ಟುವ ಕಂಟ್ರಾಕ್ಟರು ಬೇರೆ ಯಾರೂ ಸಿಗಲಾರರು.

ಹಳೆಯ ನಿಯಮಗಳಲ್ಲಿ ಇನ್ನೂ ಒಂದು ಚಂದ ಇತ್ತು. ಒಂದೊಂದು ಅಲೈನ್‌ಮೆಂಟ್‌ಗೂ ಒಂದೊಂದು ಭಾಷೆ! ತಮಾಷೆಗೆ ಹೇಳುತ್ತಿಲ್ಲ. ಲಾಫುಲ್ ಗುಡ್ ಜನಕ್ಕೆ ಅವರದ್ದೇ ಗುಟ್ಟಿನ ಭಾಷೆ, ಕೆಯಾಟಿಕ್ ಈವಿಲ್‌ನವರಿಗೆ ಅವರದ್ದು. ಯಾರೂ ಕಲಿಸಬೇಕಿಲ್ಲ, ಬುದ್ಧಿಯ ಜೊತೆಗೇ ನಾಲಿಗೆಗೆ ಬಂದುಬಿಡುತ್ತದೆ. ಸ್ವಭಾವ ಬದಲಾದರೆ ಹಳೆಯ ಭಾಷೆ ಹೋಯಿತು, ಹೊಸದು ಬಂತು. ಯೋಚಿಸಿ: ಒಳ್ಳೆಯವರ ಸಂಘದಲ್ಲಿ ಇಪ್ಪತ್ತು ವರ್ಷದಿಂದ ಖಜಾಂಚಿಯಾಗಿದ್ದ ಯಜಮಾನರು ಒಂದು ದಿನ ಸಭೆಯಲ್ಲಿ ಲೆಕ್ಕಪತ್ರ ಓದಲು ಎದ್ದು ನಿಲ್ಲುತ್ತಾರೆ. ಬಾಯಿ ತೆರೆಯುತ್ತಾರೆ. ಅವರ ಒಂದು ಅಕ್ಷರವೂ ಯಾರಿಗೂ ತಿಳಿಯುವುದಿಲ್ಲ. ಆಡಿಟರ್ ಯಾಕೆ ಬೇಕು ಸ್ವಾಮಿ? ಈ ಒಂದು ನಿಯಮ ಮಾತ್ರ ಆಟದಿಂದ ತೆಗೆದು ಹೊರಗೆ ಜಾರಿಗೆ ತರಬೇಕಿತ್ತು. ಅದನ್ನೇ ಕೈಬಿಟ್ಟರು.

ಸ್ವಭಾವ ಬದಲಾಯಿಸಿದರೆ ದಂಡವೂ ಇತ್ತು. ಆಡಿ ಆಡಿ ಗಳಿಸಿದ ಬಲದ ಮೆಟ್ಟಿಲು, ಅಂದರೆ ಲೆವೆಲ್, ಇಡೀ ಒಂದು ಕಟ್. ನೀವು ಎಷ್ಟು ಕೆಟ್ಟಿದ್ದೀರಿ ಅಂತ ಆಟ ನಡೆಸುವ ಡಂಜನ್ ಮಾಸ್ಟರ್ ಗ್ರಾಫ್ ಹಾಕಿ ಗುರುತು ಮಾಡಿಕೊಳ್ಳಬೇಕು ಅಂತ 1979ರ ಪುಸ್ತಕ ಹೇಳುತ್ತದೆ. ದಂಡಕ್ಕೆ ಒಳ್ಳೇದು-ಕೆಟ್ಟದು ಅನ್ನೋ ಭೇದ ಇಲ್ಲ. ಕೆಟ್ಟವನು ಪಶ್ಚಾತ್ತಾಪಪಟ್ಟು ಒಳ್ಳೆಯವನಾದರೂ ಲೆವೆಲ್ ಹೋಯಿತು. ಹಾಗಾಗಿ ಬುದ್ಧಿವಂತ ಕಳ್ಳ ಏನು ಮಾಡುತ್ತಾನೆ? ಕಳ್ಳನಾಗಿಯೇ ಇರುತ್ತಾನೆ.

ಇನ್ನು ಟ್ರೂ ನ್ಯೂಟ್ರಲ್ ಅನ್ನೋ ನಡುಮಧ್ಯದ ಚೌಕ. 1989ರ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಉದಾಹರಣೆಯಾಗಿ ಡ್ರೂಯಿಡ್ (ಪ್ರಕೃತಿಯನ್ನು ಪೂಜಿಸುವ ಪುರೋಹಿತ) ಒಬ್ಬನನ್ನು ಕೊಟ್ಟಿದ್ದಾರೆ. ನೋಲ್ ಅನ್ನೋ ಕತ್ತೆಕಿರುಬ ಮುಖದ ಕೊಳ್ಳೆಕೋರರ ವಿರುದ್ಧ ಆತ ಹೋರಾಡುತ್ತಾನೆ. ಅವರು ಪೂರ್ತಿ ಸೋಲುತ್ತಾರೆ, ಕುಲವೇ ಅಳಿಯುತ್ತದೆ ಅನ್ನುವಾಗ ಪಟ್ಟನೆ ಈ ಕಡೆಯಿಂದ ಆ ಕಡೆಗೆ ಜಿಗಿಯುತ್ತಾನೆ. ಯಾಕಪ್ಪಾ ಅಂದರೆ ಸಮತೋಲನ. ನಮ್ಮ ವಿಧಾನಸೌಧದಲ್ಲಿ ಇದನ್ನು ಓದಿದವರು ಯಾರಾದರೂ ಇದ್ದಾರೋ ಇಲ್ಲವೋ, ಓದುವ ಅಗತ್ಯವಂತೂ ಕಾಣುವುದಿಲ್ಲ.

ನಮ್ಮವರನ್ನೂ ಅವರು ಬಿಟ್ಟಿಲ್ಲ. 1977ರ ಪುಸ್ತಕದಲ್ಲೇ ರಾಕ್ಷಸ ಇದ್ದಾನೆ, ಅದೇ ಹೆಸರಿನಲ್ಲಿ. ಹುಲಿ ತಲೆ, ಮೈಮೇಲೆ ನಿಲುವಂಗಿ, ಕೈಯಲ್ಲಿ ಹೊಗೆಸೊಪ್ಪಿನ ಪೈಪು. ನಿವೃತ್ತ ಜಡ್ಜ್ ಸಾಹೇಬರು ಸಂಜೆ ಜಗಲಿಯಲ್ಲಿ ಕೂತ ಭಂಗಿ. ಅಲೈನ್‌ಮೆಂಟ್: ಲಾಫುಲ್ ಈವಿಲ್. ಕೊಲ್ಲುವ ವಿಧಾನ: ಮಂತ್ರಿಸಿದ ಒಂದು ಅಡ್ಡಬಿಲ್ಲಿನ ಬಾಣ ತಾಗಿದರೆ ಸಾಕು, ಅಲ್ಲೇ ಢಮಾರ್. ವಿಭೀಷಣನಿಗೂ ಅದೇ ಬಾಣ, ಪ್ರಹ್ಲಾದನಿಗೂ ಅದೇ ಬಾಣ. ಬಲಿ ಚಕ್ರವರ್ತಿ ದಾನ ಕೊಡಲು ಕೈಯೆತ್ತುವ ಮೊದಲೇ ಕೆಲಸ ಮುಗಿದಿರುತ್ತದೆ, ವಾಮನ ಛತ್ರಿ ಮಡಚಿಕೊಂಡು ವಾಪಸ್ ಹೋಗಬೇಕು. 1980ರಲ್ಲಿ ದೇವರುಗಳಿಗೇ ಒಂದು ಪುಸ್ತಕ ಮಾಡಿ, ವಿಷ್ಣು, ಇಂದ್ರ, ಅಗ್ನಿ ಎಲ್ಲರಿಗೂ ಎಷ್ಟು ಏಟಿಗೆ ಸಾಯುತ್ತಾರೆ ಅನ್ನುವ ಹಿಟ್ ಪಾಯಿಂಟ್ ಹಂಚಿದರು. ಕಾಳಿಯನ್ನು ಕೆಯಾಟಿಕ್ ಈವಿಲ್ ಚೌಕದಲ್ಲಿ ಕೂರಿಸಿದರು. ಕರ್ಣನನ್ನು ಅದರಲ್ಲಿ ಸೇರಿಸಿದ್ದರೆ ಯಾವ ಚೌಕಕ್ಕೆ ಹಾಕುತ್ತಿದ್ದರೋ. ನಮ್ಮಲ್ಲಿ ಯಕ್ಷಗಾನದ ಆಟ ನೋಡಲು ಕೂತವರು ಬೆಳಗಿನ ಜಾವದವರೆಗೂ ಆ ಒಂದೇ ಪ್ರಶ್ನೆಗೆ ಜಗಳವಾಡಿ, ಚಹಾ ಕುಡಿದು, ತೀರ್ಮಾನವಾಗದೆ ಮನೆಗೆ ಹೋಗುತ್ತಾರೆ.

ತಮಾಷೆ ಇಲ್ಲಿವರೆಗೆ ಸರಿ.

ಅದೇ 1977ರ ಪುಸ್ತಕದಲ್ಲಿ ಓರ್ಕ್‌ಗಳ ಬಿಡಾರದ ಲೆಕ್ಕ ಕೊಟ್ಟಿದ್ದಾರೆ. ಇಷ್ಟು ಗಂಡಸರು, ಅದರಲ್ಲಿ ಅರ್ಧದಷ್ಟು ಹೆಂಗಸರು, ಗಂಡಸರಷ್ಟೇ ಸಂಖ್ಯೆಯ ಮಕ್ಕಳು. ಗುಹೆಗೆ ನುಗ್ಗಿದ ಪ್ಯಾಲಡಿನ್ ಎದುರಿಗೆ ಈ ಮಕ್ಕಳು ನಿಂತಿರುತ್ತಾರೆ. ಪ್ಯಾಲಡಿನ್ ಅಂದರೆ ಲಾಫುಲ್ ಗುಡ್‌ನ ಸಾಕ್ಷಾತ್ ಮೂರ್ತಿ, ತಿಳಿದೂ ತಿಳಿದೂ ಒಂದು ಪಾಪ ಮಾಡಿದರೆ ಅವನ ಪದವಿಯೇ ಹೋಗುತ್ತದೆ. ಅವನೇನು ಮಾಡಬೇಕು? ಪುಸ್ತಕ ಮಕ್ಕಳನ್ನು ಎಣಿಸಿತು, ಸುಮ್ನಾಯಿತು. ಈ ಪ್ರಶ್ನೆಯ ಮೇಲೆ ಎಷ್ಟೋ ಆಟದ ಮೇಜುಗಳು ಮುರಿದಿವೆ.

2005ರಲ್ಲಿ ಗೈಗ್ಯಾಕ್ಸ್ ಅವರೇ ಉತ್ತರ ಕೊಟ್ಟರು. ಸೀರು ಬೆಳೆದರೆ ಹೇನಾಗುತ್ತದೆ ಅನ್ನೋದು ಕಣ್ಣಿಗೆ ಕಾಣುವ ಸತ್ಯ ಅಂದರು. ಇನ್ನೂ ಮುಂದೆ ಹೋಗಿ, ಶರಣಾದ, ಕೆಟ್ಟತನ ಬಿಟ್ಟು ಲಾಫುಲ್ ಗುಡ್ ಆದ ಕೈದಿಗಳನ್ನೂ ಪ್ಯಾಲಡಿನ್ ಧಾರಾಳವಾಗಿ ಕೊಲ್ಲಬಹುದು ಅಂದರು. ಮತ್ತೆ ಜಾರುವ ಮೊದಲೇ ಅವರನ್ನು ಸದ್ಗತಿಗೆ ಕಳಿಸಿದಂತಾಗುತ್ತದಂತೆ. ಎಂಥಾ ಕಾಳಜಿ ನೋಡಿ. ಆ ಸೀರಿನ ಮಾತಿಗೆ ಒಂದು ಚರಿತ್ರೆ ಇದೆ, ಅದು ಅವರಿಗೂ ಗೊತ್ತಿತ್ತು. ಅಮೆರಿಕದ ಸೇನೆಯ ಕರ್ನಲ್ ಚಿವಿಂಗ್ಟನ್ ಹೇಳಿದ ಮಾತು ಅಂತಲೇ ಅದು ಪ್ರಸಿದ್ಧ. 1864ರ ನವೆಂಬರ್‌ನಲ್ಲಿ ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಆತನ ಸೈನಿಕರು ಶಾಯೆನ್, ಅರಾಪಹೋ ಜನರ ಬಿಡಾರಕ್ಕೆ ನುಗ್ಗಿದರು. ಸತ್ತವರಲ್ಲಿ ಜಾಸ್ತಿ ಜನ ಹೆಂಗಸರು, ಮಕ್ಕಳು, ಮುದುಕರು. ಅವರ ಕೈಯಲ್ಲಿ ಆಟದ ದಾಳ ಇರಲಿಲ್ಲ.

ಹುಟ್ಟಿನಿಂದಲೇ ಕೆಟ್ಟವರು ಅನ್ನುವ ಚೌಕ ನಮಗೇನು ಹೊಸದೇ? ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಇಂಥಿಂಥ ಬುಡಕಟ್ಟಿನಲ್ಲಿ ಹುಟ್ಟಿದವನು ಅಪರಾಧಿ. ಏನು ಕದ್ದ ಅಂತ ಕೇಳುವ ಹಾಗಿಲ್ಲ, ಪಟ್ಟಿಯಲ್ಲಿ ಹೆಸರಿದೆ. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಲು ಪಾಸು ಬೇಕು. ಇವರನ್ನು ಕೂಡಿಹಾಕಲು ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಸೆಟ್ಲ್‌ಮೆಂಟ್‌ಗಳನ್ನು ಮಾಡಿದರು. ಆ ಬಡಾವಣೆಗಳನ್ನು ಇವತ್ತಿಗೂ ಜನ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ ಹೋಗಿದ್ದು 1952ರಲ್ಲಿ. ಹೋದಮೇಲೂ ಊರಲ್ಲಿ ಕಳ್ಳತನವಾದರೆ ಜೀಪು ಮೊದಲು ಯಾವ ಓಣಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೀಗೆ ಪಟ್ಟಿಯಿಂದ ಹೊರಬಂದ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ಜೈಲು ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. 2024! ಸಾಕಾಗಿದೆ ರೀ. ಕಾಲ್ಪನಿಕ ಓರ್ಕ್‌ಗೆ ಸಿಕ್ಕ ಬಿಡುಗಡೆಗೆ ಇಷ್ಟೊಂದು ಅಳುವ ಜನ, ನಿಜವಾದ ಮನುಷ್ಯರಿಗೆ ಅದು ಇಷ್ಟು ತಡವಾಗಿ ಸಿಕ್ಕಾಗ ಎಲ್ಲಿದ್ದರು?

ಇರಲಿ. ಕಂಪ್ಯೂಟರ್ ಆಟಗಳ ಕಡೆ ಬರೋಣ. ಅಲ್ಲಿ ಹುಟ್ಟಿನ ಪ್ರಶ್ನೆ ಕಡಿಮೆ, ಎಲ್ಲ ದುಡ್ಡಿನ ವ್ಯವಹಾರ.

2008ರ ಫೇಬಲ್ 2 ಆಟದಲ್ಲಿ ಟೋಫು, ತರಕಾರಿ ತಿಂದರೆ ನೀವು ಶುದ್ಧರಾಗುತ್ತೀರಿ. ಮಾಂಸ ತಿಂದರೆ ಕೆಡುತ್ತೀರಿ. ಇದನ್ನು ಮಾಡಿದವರು ಇಂಗ್ಲೆಂಡಿನವರು. ಶಾಲೆ ಮಕ್ಕಳ ತಟ್ಟೆಗೆ ಮೊಟ್ಟೆ ಬೇಡ ಅಂತ ನಮ್ಮಲ್ಲಿ ಹೋರಾಡಿದವರಿಗೆ ಅವರು ರಾಯಲ್ಟಿ ಕೊಟ್ಟ ಹಾಗೆ ಕಾಣುವುದಿಲ್ಲ. ಅದೇ ಆಟದಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡಬಹುದು. ಬಾಡಿಗೆ ಇಳಿಸಿದರೆ ಪುಣ್ಯ, ಏರಿಸಿದರೆ ಪಾಪ. ಈ ನಿಯಮ ಬೆಂಗಳೂರಿಗೆ ಬಂದರೆ ಅರ್ಧ ಊರಿನ ಓನರ್‌ಗಳು ಬೆಳಿಗ್ಗೆ ಹಣೆ ಮುಟ್ಟಿಕೊಂಡು ಕೊಂಬು ಬಂದಿದೆಯಾ ಅಂತ ನೋಡಿಕೊಳ್ಳಬೇಕಾಗುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ತೊಗೊಂಡು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದಕ್ಕೆ ಎಷ್ಟು ಪಾಯಿಂಟ್ ಅಂತ ಮಾತ್ರ ಆ ಆಟ ಹೇಳುವುದಿಲ್ಲ.

ಅದೇ ವರ್ಷದ ಫಾಲ್‌ಔಟ್ 3ರಲ್ಲಿ ಮೆಗಾಟನ್ ಅನ್ನೋ ಊರಿದೆ. ಅದರ ನಡುವೆ ಸಿಡಿಯದ ಅಣುಬಾಂಬ್. ಮನಸ್ಸಾದರೆ ನೀವು ಅದನ್ನು ಸಿಡಿಸಬಹುದು. ಊರಿಗೆ ಊರೇ ಹೋಗುತ್ತದೆ, ನಿಮ್ಮ ಕರ್ಮ ಪಾತಾಳಕ್ಕೆ ಇಳಿಯುತ್ತದೆ. ಹೌದು, ಲೆಕ್ಕದ ಹೆಸರೇ ಕರ್ಮ. ಚಿಂತೆ ಬೇಡ. ಬಾಯಾರಿ ಕೂತ ಭಿಕ್ಷುಕರು ಅಲ್ಲಲ್ಲಿ ಸಿಗುತ್ತಾರೆ, ಶುದ್ಧ ನೀರಿನ ಬಾಟಲಿ ಕೊಡುತ್ತಾ ಹೋಗಿ. ಒಂದು, ಇನ್ನೊಂದು, ಮತ್ತೊಂದು. ಕರ್ಮ ಮೇಲೇರುತ್ತದೆ. ಊರು ಸುಟ್ಟವನು ಕೊನೆಗೆ ನೀರು ಕೊಟ್ಟ ಪುಣ್ಯಾತ್ಮ. ಮೆಗಾಟನ್‌ನ ಅಂಗಡಿಯಾಕೆ ಮೊಯ್ರಾ ಸ್ಫೋಟದಲ್ಲಿ ಚರ್ಮವೆಲ್ಲ ಸುಟ್ಟು ಗೂಲ್ (ವಿಕಿರಣದಿಂದ ವಿಕಾರವಾದ ಮನುಷ್ಯ) ಆಗಿ ಬದುಕಿ ಉಳಿಯುತ್ತಾಳೆ. ಎದುರು ಸಿಕ್ಕರೆ ನಗುತ್ತಲೇ ಮಾತಾಡಿಸಿ, ಅರ್ಧಕ್ಕೆ ನಿಂತ ತನ್ನ ಪುಸ್ತಕದ ಕೆಲಸ ಮುಂದುವರಿಸೋಣ ಅನ್ನುತ್ತಾಳೆ. ಇಂಥಾ ಮತದಾರರು ಸಿಕ್ಕರೆ ಯಾರಿಗೆ ಬೇಡ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೇ ಕಟ್ಟಿದ 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಅಲೈನ್‌ಮೆಂಟ್ ಚೌಕಗಳನ್ನೇ ತೆಗೆದರು. ಒಳ್ಳೆಯ ಕೆಲಸ. ಪ್ಯಾಲಡಿನ್‌ಗೆ ಒಂದು ಪ್ರತಿಜ್ಞೆ ಮಾತ್ರ ಉಳಿಸಿದರು. ಪ್ರತಿಜ್ಞೆ ಮುರಿದರೆ ರಾತ್ರಿ ಬಿಡಾರಕ್ಕೆ ಕಪ್ಪು ಕವಚದ ಯೋಧನೊಬ್ಬ ಬಂದು ನಿಲ್ಲುತ್ತಾನೆ. ಗಂಭೀರ ದನಿ, ಗಂಭೀರ ಮಾತು. ಈಗ ಆತ್ಮಪರೀಕ್ಷೆ, ತಪಸ್ಸು, ಕಣ್ಣೀರು ಅಂದುಕೊಂಡು ಕೂತರೆ ಆತ ಕೇಳುವುದು 1000 ಚಿನ್ನದ ನಾಣ್ಯ. ಎಣಿಸಿಕೊಟ್ಟರೆ ಪ್ರತಿಜ್ಞೆ ಮತ್ತೆ ಹೊಸದು. ನಾವು ತಪ್ಪು ಕಾಣಿಕೆ ಹಾಕುವಾಗ ಕೆನ್ನೆಗಾದರೂ ಎರಡು ಬಡಿದುಕೊಳ್ಳುತ್ತೇವೆ. ಇಲ್ಲಿ ಅದೂ ಇಲ್ಲ.

ಆದರೆ ಈ ವಿದ್ಯೆಯಲ್ಲಿ ಗುರು ಅಂದರೆ ಅದರ ಅಜ್ಜ, 1998ರ ಮೊದಲ ಬಾಲ್ಡರ್ಸ್ ಗೇಟ್. ಅದರಲ್ಲಿ ಇಡೀ ತಂಡದ ಮರ್ಯಾದೆಗೆ ಒಂದು ಅಂಕಿ ಇರುತ್ತದೆ, 20ರವರೆಗೆ. ಜಾಸ್ತಿ ಇದ್ದಷ್ಟೂ ಅಂಗಡಿಯಲ್ಲಿ ಸಾಮಾನು ಅಗ್ಗ. ಕಡಿಮೆಯಾದರೆ ದೇವಸ್ಥಾನಕ್ಕೆ ಹೋಗಿ ದುಡ್ಡು ಹಾಕಿ ಏರಿಸಿಕೊಳ್ಳಬಹುದು. ತೊಂದರೆ ಒಂದೇ. ತಂಡದಲ್ಲಿ ಕೆಟ್ಟ ಬುದ್ಧಿಯ ಮಂತ್ರವಾದಿ ಇದ್ದರೆ, ಮರ್ಯಾದೆ ಏರುತ್ತಾ ಹೋದಂತೆ ಅವನು ಗೊಣಗತೊಡಗುತ್ತಾನೆ. ನಿಮ್ಮ ಒಳ್ಳೆತನ ಜಾಸ್ತಿಯಾಯ್ತು, ನನಗೆ ಸಹಿಸಲು ಆಗುತ್ತಿಲ್ಲ, ನಾನು ಹೊರಟೆ ಅಂತಾನೆ. ಒಳ್ಳೆಯ ಮಂತ್ರವಾದಿ, ಬಿಡಲು ಮನಸ್ಸಿಲ್ಲ. ಆಗ ನುರಿತ ಆಟಗಾರರು ಮಾಡುತ್ತಿದ್ದದ್ದು ಇಷ್ಟು: ಊರಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಯಾವನೋ ಒಬ್ಬ ಬಡಪಾಯಿಯನ್ನು ಹಿಡಿದು ಕಡಿದುಹಾಕುವುದು. ಅಂಕಿ ಧಡಕ್ಕನೆ ಇಳಿಯುತ್ತದೆ, ಮಂತ್ರವಾದಿ ಸಮಾಧಾನವಾಗುತ್ತಾನೆ. ಇಳಿದದ್ದು ತುಸು ಜಾಸ್ತಿಯಾಯ್ತು ಅನ್ನಿಸಿದರೆ ದೇವಸ್ಥಾನದ ಬಾಗಿಲು ತೆರೆದೇ ಇರುತ್ತದೆ. ಅಲ್ಲಿಂದ ನೇರ ಅಂಗಡಿಗೆ ಹೋದರೆ ಕತ್ತಿಯೂ ಒಂದಿಷ್ಟು ಕಡಿಮೆ ರೇಟಿಗೇ ಸಿಗುತ್ತದೆ.